ಕಳಿಸಿಬಿಡಿ ಎಂದ ಪಿಸುಮಾತು

ಚೀಲ ಇರಲಿಲ್ಲ.

ಬೀರುವಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ಅಡುಗೆಮನೆಯ ಮೊಳೆಗೆ ಎಂದಿನಂತೆ ನೇತುಬಿದ್ದಿತ್ತು. ಆದರೆ ಒಳಗೆ, ಮಡಿಸಿದ ಕಂಬಳಿಯ ಮೇಲೆ ಇಟ್ಟಿದ್ದ ನೀಲಿ ಬಟ್ಟೆಯ ಚೀಲ ಮಾತ್ರ ಮಾಯ. ಮದುವೆಯ ನೋಂದಣಿ ಪತ್ರ, ಅಂದಿನ ಫೋಟೋಗಳು, ಇಬ್ಬರ ಹೆಸರಲ್ಲಿದ್ದ ಬಾಡಿಗೆ ಕರಾರು— ಇವರು ಗಂಡ ಹೆಂಡತಿ ಎಂದು ಸರ್ಕಾರ ನಂಬಬೇಕಾದರೆ ಏನೇನು ಬೇಕೋ ಎಲ್ಲವೂ ಅದರಲ್ಲಿತ್ತು. ಮರುದಿನ ಬೆಳಿಗ್ಗೆಯೇ ಹೆಂಡತಿಯ ವಾಸ ಪರವಾನಗಿಗೆ ಸಂದರ್ಶನ.

ಇಷ್ಟು ಹೇಳಿ ಗಂಡ ನಮ್ಮ ಕಚೇರಿಯ ಬೆಂಚಿನ ಮೇಲೆ ಕುಸಿದು ಕೂತ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯ ಗ್ರೀಸು ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಓಡಿಬಂದಿದ್ದ. ಡಿಪೋದಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಅವನ ಹೆಸರು ಬೋಲ್ಟು.

"ಯಾಕಪ್ಪ?" ಎಂದರು ನಮ್ಮ ತನಿಖಾಧಿಕಾರಿ. "ಪೊಲೀಸರ ಹತ್ತಿರ ಹೋಗೋದು ಬಿಟ್ಟು ಇಲ್ಲಿಗೆ ಯಾಕೆ ಬಂದ್ರಿ?"

"ನಾಳೆ ಬರಿಗೈಲಿ ಬಂದ್ರೆ ನೀವು ನಂಬ್ತೀರಾ ಸಾರ್?"

ತನಿಖಾಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಪ್ರತಿ ಮಾತಿಗೂ "ಯಾಕಪ್ಪ" ಎನ್ನುವ ಅಭ್ಯಾಸದಿಂದ ಅವರ ನಿಜವಾದ ಹೆಸರನ್ನೇ ಕಚೇರಿ ಮರೆತಿತ್ತು. ಎಲ್ಲರಿಗೂ ಅವರು ಯಾಕಪ್ಪನವರು. ಹೊಸಬರಂತೂ ಅಪ್ಪ ಅಮ್ಮ ಇಟ್ಟ ಹೆಸರೇ ಅದು ಎಂದುಕೊಳ್ಳುತ್ತಿದ್ದರು. ಸುಳ್ಳು ಮದುವೆಗಳ ದೂರು ಬಂದರೆ ಮನೆಗೆ ಹೋಗಿ ನೋಡಿ ಬರುವುದು ಅವರ ಕೆಲಸ. ಅವರ ಜೊತೆಗೆ ಹೋಗಿ, ಅರ್ಥವಾಗದವರ ಮಾತನ್ನು ಅರ್ಥ ಮಾಡಿಸುವುದು ನನ್ನದು. ನಾನು ದುಭಾಷಿ. ಬೋಲ್ಟುವಿನ ಹೆಂಡತಿಯ ಭಾಷೆ ನನ್ನ ತಾಯಿಯ ಭಾಷೆ. ಅಮ್ಮ ಹೋದಮೇಲೆ ಆ ಭಾಷೆಯಲ್ಲಿ ನಾನು ಬಾಯಿ ಬಿಡುವುದು ಸಂಬಳಕ್ಕೆ ಮಾತ್ರ.

"ಹೆಂಡತಿ ಪಾಸ್‌ಪೋರ್ಟೂ ಹೋಯ್ತಾ?" ಯಾಕಪ್ಪನವರು ಕೇಳಿದರು.

"ಇಲ್ಲ ಸಾರ್, ಪುಣ್ಯಕ್ಕೆ ಅದೊಂದು ಉಳೀತು. ಅದೂ ಚೀಲದಲ್ಲೇ ಇತ್ತು. ಆದ್ರೆ ಬೀರೂಲಿ ಅವಳ ಬಟ್ಟೆ ಕೆಳಗೆ ಸಿಕ್ತು."

"ಕಳ್ಳ ತೆಗೆದಿಟ್ಟು ಹೋದನಾ?"

ಬೋಲ್ಟು ಕಣ್ಣುಕಣ್ಣು ಬಿಟ್ಟ. ಅದನ್ನವನು ಯೋಚಿಸಿಯೇ ಇರಲಿಲ್ಲ.

ಯಾಕಪ್ಪನವರು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಮಗುಚಿಟ್ಟರು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಇದೇ ಗಂಡ ಹೆಂಡತಿಯ ಮೇಲೆ ಫೋನಿನಲ್ಲಿ ಒಂದು ದೂರು ಬಂದಿತ್ತು. ಹೇಳಿದವರು ಯಾರೋ, ಹೆಸರಿಲ್ಲ.

*

ದೂರು ಕೇಳಿಸಿಕೊಂಡವಳು ನಮ್ಮ ಟೆಲಿಫೋನ್ ಆಪರೇಟರ್. ಬೋಲ್ಟುವನ್ನು ಮನೆಗೆ ಕಳಿಸಿ ನಾವು ಅವಳ ಬಳಿಗೆ ಹೋದೆವು.

"ಹೆಂಗಸಾ, ಗಂಡಸಾ?"

"ಪಿಸುಪಿಸು ಅಂತಿತ್ತು ಸಾರ್. ಹೇಳೋಕೆ ಆಗಲ್ಲ."

"ಮಾತಿನ ಧಾಟಿ? ಈ ಕಡೆಯವರಾ, ಹೊರಗಿನವರಾ?"

"ಪಿಸುಮಾತಿಗೆ ಊರು ಇರುತ್ತಾ ಸಾರ್? ಹಿಂದೆ ನೀರು ಬೇರೆ ಸುರೀತಿತ್ತು, ನಲ್ಲಿ ಬಿಟ್ಟ ಹಾಗೆ. ಎರಡೆರಡು ಸಲ ಹೇಳಿಸ್ಕೊಂಡೆ."

"ಹೇಳಿದ್ದನ್ನ ಹಾಗೇ ಹೇಳು. ಒಂದಕ್ಷರ ತಿದ್ದಬೇಡ."

ಅವಳು ಕಣ್ಣು ಮುಚ್ಚಿ ಪಾಠ ಒಪ್ಪಿಸುವ ಹಾಗೆ ಹೇಳಿದಳು: "'ಈ ಮದುವೆ ನಿಜ ಅಲ್ಲ. ಅವಳು ಸುಳ್ಳು ಹೇಳಿದಾಳೆ. ಅವರು ಒಳ್ಳೆಯವರು. ಅವರಿಗೆ ಏನೂ ಗೊತ್ತಿಲ್ಲ, ಅವರಿಗೆ ಏನೂ ಮಾಡಬೇಡಿ. ಅವಳನ್ನ ಊರಿಗೆ ಕಳಿಸಿಬಿಡಿ.' ಅಷ್ಟೇ. ಇಟ್ಟುಬಿಟ್ರು."

"ಗಂಡನ ಕಡೆಯವರು ಯಾರೋ," ಎಂದೆ ನಾನು. "ಅವನನ್ನು ಉಳಿಸಿ ಇವಳನ್ನು ಓಡಿಸಬೇಕು ಅಂತ."

"ಇರಬಹುದು," ಎಂದರು ಯಾಕಪ್ಪನವರು. ಅವರ "ಇರಬಹುದು" ಎಂದರೆ ಬಹುಮಟ್ಟಿಗೆ "ಅಲ್ಲ" ಎಂದೇ ಅರ್ಥ.

*

ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆಯಲ್ಲಿ ಗಂಡ ಹೆಂಡತಿ. ಇನ್ನೊಂದರಲ್ಲಿ ಬೋಲ್ಟುವಿನ ಅಕ್ಕ ಮತ್ತು ಅವಳ ಹೊಲಿಗೆ ಮಿಷನ್ನು. ಬಾಗಿಲು ತೆರೆದಿದ್ದು ಅಕ್ಕ. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಮಾತಾಡುವ ಹೆಂಗಸು.

"ಮನೆಗೆ ಹೊರಗಿನವರು ಬಂದಿದ್ರಾ?" ಯಾಕಪ್ಪನವರು ಶುರು ಮಾಡಿದರು.

"ಆ ಹಾರ್ನು ಬಂದಿದ್ದ ನಿನ್ನೆ. ನಲ್ಲಿ ಸೋರ್ತಿತ್ತು, ರಿಪೇರಿ ಮಾಡೋಕೆ. ಕೆಳಗಡೆ ಒಂಟಿ ಕೋಣೇಲಿ ಇದಾನಲ್ಲ, ಇವನ ಜೊತೆ ಡಿಪೋದಲ್ಲಿ ಕೆಲಸ ಮಾಡ್ತಾನೆ."

"ನೀವು ಎಲ್ಲಿದ್ರಿ?"

"ನಾನೆಲ್ಲಿ ಹೋಗ್ಲಿ? ಇದರ ಮುಂದೆ." ಮಿಷನ್ನಿನ ಕಡೆ ಗಲ್ಲ ತೋರಿಸಿದಳು. "ನಾನೇ ಕದ್ದೆ ಅಂತ ಕೇಳೋಕೆ ಬಂದಿದೀರಾ? ನೇರ ಕೇಳಿ."

"ಕೇಳ್ತೀನಿ. ತಮ್ಮನ ಹೆಂಡತಿ ಕಂಡ್ರೆ ನಿಮಗೆ ಆಗಲ್ವಂತೆ. ನಿಜಾನಾ?"

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. "ಆಗಲ್ಲ ಅಂತಲ್ಲ. ಅವಳು ಬಂದ ಹೊಸದರಲ್ಲಿ ಬೇಡ ಅಂದಿದ್ದು ನಿಜ. ಇವನು ಪರದೇಶಕ್ಕೆ ದುಡಿಯೋಕೆ ಅಂತ ಹೋದ. ಹೆಂಡ್ತಿ ಕಟ್ಕೊಂಡು ಬಂದ. ಒಂದು ಮಾತು ಕೇಳಲಿಲ್ಲ. ಸಿಟ್ಟು ಬರಲ್ವಾ? ಆಮೇಲೆ... ಅವಳು ಮಾತೇ ಆಡಲ್ಲ ಸಾರ್. ಇಡೀ ದಿನ ಇಬ್ಬರೇ ಇರ್ತೀವಿ. ಈ ಕೋಣೇಲಿ ನಾನು, ಆ ಕೋಣೇಲಿ ಅವಳು. ಜಗಳ ಆಡೋಣ ಅಂದ್ರೂ ಜಗಳ ಆಡೋಕೆ ಬರಲ್ಲ ಅವಳಿಗೆ."

ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತೆಳ್ಳಗಿನ ಮೈ, ತಗ್ಗಿಸಿದ ತಲೆ. ನಾನು ನನ್ನ ತಾಯಿಭಾಷೆಯಲ್ಲಿ ನಮಸ್ಕಾರ ಹೇಳಿದೆ. ಆಕೆ ಬೆಚ್ಚಿ ನನ್ನ ಮುಖ ನೋಡಿದಳು. ಉತ್ತರವನ್ನು ಮಾತ್ರ ಈ ನೆಲದ ಭಾಷೆಯಲ್ಲೇ ಕೊಟ್ಟಳು.

"ಬೇಡ. ನಾನು ಇಲ್ಲಿ ಮಾತು ಆಡ್ತೀನಿ. ಕಲಿತಿದೀನಿ. ಕ್ಲಾಸು ಹೋಗಿದೀನಿ."

ಯಾಕಪ್ಪನವರು ಅಡ್ಡಿ ಮಾಡಲಿಲ್ಲ. "ನಿಮ್ಮ ದಿನ ಹೇಗಿರುತ್ತಮ್ಮ? ಹೇಳಿ."

"ಅವರು ಬೆಳಿಗ್ಗೆ ಹೋಗ್ತಾರೆ. ಸಂಜೆ ಬರ್ತಾರೆ. ಅವರಿಗೆ ಸುಸ್ತು ಇರುತ್ತೆ. ಊಟ ಮಾಡ್ತಾರೆ, ಮಲಗ್ತಾರೆ."

"ನೀವು?"

"ನಾನು ಇರ್ತೀನಿ."

"ಏನು ಮಾಡ್ತೀರಿ?"

ಆಕೆ ಪ್ರಶ್ನೆ ಅರ್ಥವಾಗದವಳ ಹಾಗೆ ನನ್ನ ಕಡೆ ನೋಡಿದಳು. ನಾನು ಅನುವಾದಿಸಿದೆ. ಅರ್ಥ ಮೊದಲೇ ಆಗಿತ್ತು ಎಂದು ಆಕೆಯ ಕಣ್ಣಲ್ಲಿ ಕಂಡಿತು.

"ಇರ್ತೀನಿ," ಎಂದಳು ಮತ್ತೆ.

ಪರವಾನಗಿ ಸಿಗುವ ತನಕ ಆಕೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಅರ್ಜಿ ವಿಚಾರಣೆಯಲ್ಲಿರುವಾಗ ದೇಶ ಬಿಟ್ಟು ಹೋದರೆ ಅರ್ಜಿಯೇ ಬಿದ್ದುಹೋಗುತ್ತದೆ, ಹಾಗಾಗಿ ತವರಿಗೂ ಹೋಗುವಂತಿರಲಿಲ್ಲ. ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಿಟಕಿಯ ಬಳಿ ಒಂದು ಕುರ್ಚಿ ಇರುತ್ತದೆ. ಆ ಕುರ್ಚಿಯ ಕಾಲು ಊರಿದ ಕಡೆ ನೆಲದ ಬಣ್ಣ ಹೋಗಿರುತ್ತದೆ. ಇಲ್ಲಿಯೂ ಹೋಗಿತ್ತು.

*

ಹಾರ್ನು ಕೆಳಗಿನ ಒಂಟಿ ಕೋಣೆಯಲ್ಲಿ ಸಿಕ್ಕಿದ. ಗಟ್ಟಿ ಗಂಟಲಿನ ಮನುಷ್ಯ. ಹೆಸರು ಯಾಕೆ ಬಂತೆಂದು ಕೇಳಬೇಕಾಗಲಿಲ್ಲ.

"ಬೋಲ್ಟು ಮದುವೆಗೆ ಮುಂಚೆ ನೀವು ಮೇಲಿನ ಮನೇಲೇ ಇದ್ರಂತೆ?"

"ಇದ್ದೆ. ಅವನೂ ನಾನೂ ಒಂದೇ ತಟ್ಟೇಲಿ ಉಂಡವರು. ಈಯಮ್ಮ ಬಂದ್ಲು, ನನ್ನ ಹಾಸಿಗೆ ಕೆಳಗೆ ಬಂತು."

"ಒಮ್ಮೆ ಡಿಪೋದಲ್ಲಿ ಜಗಳ ಆದಾಗ, 'ನಿನ್ನ ಹೆಂಡ್ತೀನ ವಾಪಸ್ ಕಳಿಸ್ತೀನಿ ನೋಡ್ತಿರು' ಅಂದಿದ್ರಂತೆ?"

"ಅಂದಿದ್ದೆ. ಅವನು ನನ್ನ ಸ್ಪ್ಯಾನರ್ ಕೊಟ್ಟಿರಲಿಲ್ಲ ಸಾರ್! ಸಿಟ್ಟಲ್ಲಿ ಎಷ್ಟೋ ಅಂತೀವಿ. ಅವನು ನನಗೆ ಅಂದಿದ್ದನ್ನ ಇಲ್ಲಿ ಹೇಳೋಕಾಗಲ್ಲ, ಮೇಡಂ ಇದಾರೆ."

"ನಿನ್ನೆ ನಲ್ಲಿ ರಿಪೇರಿಗೆ ಹೋಗಿದ್ರಿ. ನೀರು ಸುರೀತಿತ್ತಾ?"

"ಎಲ್ಲಿ ಸುರಿಯುತ್ತೆ? ಮೇಲಿನ ವಾಲ್ವು ಮುಚ್ಚಿ ತಾನೇ ನಲ್ಲಿ ಬಿಚ್ಚೋದು? ನಾನು ಹೊರಡೋವಾಗ ವಾಲ್ವು ಬಿಟ್ಟು, 'ಅಮ್ಮಾ, ಈಗ ನೀರು ಬಿಟ್ಟು ನೋಡಿ' ಅಂದೆ. ಬಂದುಬಿಟ್ಟೆ. ಡಿಪೋಗೆ ಹೊತ್ತಾಗಿತ್ತು."

"ಯಾರಿಗೆ ಹೇಳಿದ್ರಿ? ಅಕ್ಕನಿಗಾ?"

"ಆ ಮಿಷನ್ ಸದ್ದಲ್ಲಿ ಅಕ್ಕನಿಗೆ ನನ್ನ ಗಂಟಲೂ ಕೇಳಲ್ಲ. ಈಯಮ್ಮನಿಗೆ."

ಯಾಕಪ್ಪನವರು ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದರು. ಅಷ್ಟರಲ್ಲಿ ಮೇಲಿನಿಂದ ಬೋಲ್ಟುವಿನ ಕೂಗು ಕೇಳಿಸಿತು.

*

ನಾವು ಹೋಗುವಷ್ಟರಲ್ಲಿ ಅಕ್ಕನ ಬಟ್ಟೆಗಂಟುಗಳೆಲ್ಲ ಬಿಚ್ಚಿ ನೆಲದ ಮೇಲೆ ಬಿದ್ದಿದ್ದವು. ಬೋಲ್ಟು ಮಿಷನ್ನಿನ ಡ್ರಾಯರ್ ಎಳೆದು ಸುರಿಯುತ್ತಿದ್ದ. ದಾರದ ಉಂಡೆಗಳು ಉರುಳಿಕೊಂಡು ಅಡುಗೆಮನೆಯ ತನಕ ಹೋಗಿದ್ದವು.

"ನೀನೇ ಅಕ್ಕ! ನೀನಲ್ದೆ ಇನ್ಯಾರು? ಎಲ್ಲಿಟ್ಟಿದೀಯ ಹೇಳು!"

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ತುಂಬಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳಲಿಲ್ಲ.

"ಬಿಡಪ್ಪ," ಎಂದರು ಯಾಕಪ್ಪನವರು. "ಅಕ್ಕ ಅಲ್ಲ."

"ಹಾಗಾದ್ರೆ ಹಾರ್ನು! ಅವನನ್ನ ನಾನು—"

"ಹಾರ್ನೂ ಅಲ್ಲ. ಕೂತ್ಕೊಳಿ. ಎಲ್ಲರೂ ಕೂತ್ಕೊಳಿ."

ಯಾರೂ ಕೂರಲಿಲ್ಲ. ಅವರೊಬ್ಬರೇ ಕಿಟಕಿಯ ಬಳಿಯ ಆ ಕುರ್ಚಿಯಲ್ಲಿ ಕೂತು, ಮೊದಲ ಬಾರಿಗೆ ದೂರಿನ ವಿಷಯವನ್ನು ಮನೆಯವರಿಗೆ ಹೇಳಿದರು. ಆಪರೇಟರ್ ಹೇಳಿದ ಮಾತುಗಳನ್ನು ಒಂದೂ ಬಿಡದೆ ಹೇಳಿದರು. ಬೋಲ್ಟುವಿನ ಮುಖ ಬಿಳಿಚಿತು.

"ಮೊದಲು ಚೀಲದ ವಿಷಯ," ಎಂದರು. "ಕದ್ದವರು ಮದುವೆ ಆಗಿದೆ ಅನ್ನೋದಕ್ಕೆ ಇದ್ದ ಪುರಾವೆ ಎಲ್ಲ ತಗೊಂಡ್ರು. ಪಾಸ್‌ಪೋರ್ಟ್ ಮಾತ್ರ ಹುಡುಕಿ, ಹೊರಗೆ ತೆಗೆದು, ಬಟ್ಟೆ ಕೆಳಗೆ ಜೋಪಾನ ಮಾಡಿದ್ರು. ಯಾಕಪ್ಪ? ಪುರಾವೆ ಇಲ್ದಿದ್ರೆ ಇಲ್ಲಿ ಇರೋಕಾಗಲ್ಲ. ಪಾಸ್‌ಪೋರ್ಟ್ ಇಲ್ದಿದ್ರೆ ಊರಿಗೆ ಹೋಗೋಕಾಗಲ್ಲ. ಅಂದ್ರೆ ಇವರು ಊರಿಗೆ ಹೋಗಬೇಕು, ಯಾವ ತೊಂದರೇನೂ ಇಲ್ದೆ ಹೋಗಬೇಕು— ಅಂತ ಯಾರಿಗೋ ಇತ್ತು."

"ಅದು ಅಕ್ಕನಿಗೂ ಇರಬಹುದಲ್ಲ ಸಾರ್?" ಎಂದೆ ನಾನು.

"ಇರಬಹುದು. ಅದಕ್ಕೇ ಫೋನಿನ ಮಾತು ಕೇಳಿದ್ದು. ದುಭಾಷಿಯಮ್ಮ, ನೀವು ಆ ಮಾತಿನ ಅರ್ಥ ಕೇಳಿಸ್ಕೊಂಡ್ರಿ. ಮರ್ಯಾದೆ ಕೇಳಿಸ್ಕೊಳ್ಳಲಿಲ್ಲ."

"ಮರ್ಯಾದೆ?"

"'ಅವರು ಒಳ್ಳೆಯವರು. ಅವರಿಗೆ ಏನೂ ಮಾಡಬೇಡಿ.' ಈ ಬೀದೀಲಿ ಬೋಲ್ಟುವನ್ನ 'ಅವರು' ಅಂತ ಯಾರು ಅಂತಾರೆ? ಅಕ್ಕ 'ಇವನು' ಅಂದ್ರು. ಹಾರ್ನು 'ಅವನು' ಅಂದ. ಡಿಪೋದವರಿಗೆ ಬರೀ ಬೋಲ್ಟು. ಬೆಳಿಗ್ಗೆಯಿಂದ 'ಅವರು ಹೋಗ್ತಾರೆ, ಅವರು ಬರ್ತಾರೆ' ಅಂತ ಒಬ್ಬರ ಬಾಯಲ್ಲಿ ಮಾತ್ರ ಕೇಳಿದೆ."

ಹೆಂಡತಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ಗುರುತು ಸಿಗಬಾರದು ಅಂತ ಬೇರೆಯವರೂ ಹಾಗೆ ಅಂದಿರಬಹುದು," ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲವೋ ನನಗೂ ತಿಳಿಯದು.

"ಮರೆಮಾಚೋರು ಇಬ್ಬರಿಗೂ ಒಂದೇ ಮರ್ಯಾದೆ ಕೊಡ್ತಾರೆ. ಇಬ್ಬರನ್ನೂ 'ಅವರು' ಅಂತಾರೆ, ಇಲ್ಲ ಇಬ್ಬರನ್ನೂ ಬೈತಾರೆ. ಇಷ್ಟು ವರ್ಷದಲ್ಲಿ ನನಗೆ ಬಂದ ದೂರೆಲ್ಲ ಹಾಗೇ. ಇಲ್ಲಿ ಗಂಡನಿಗೆ ಅಷ್ಟು ಮರ್ಯಾದೆ. ಹೆಂಡತಿಗೆ? 'ಅವಳು.' ಯಾಕಪ್ಪ? ಯಾರಾದ್ರೂ ತನ್ನನ್ನ ತಾನೇ 'ಅವರು' ಅಂತ ಕರ್ಕೊಳ್ತಾರಾ? ನಾಲಿಗೆ ಏಳಲ್ಲ." ಅವರು ದನಿ ತಗ್ಗಿಸಿದರು. "ಹಾರ್ನು ಹೋದ ಮೇಲೆ ನಲ್ಲಿ ಬಿಟ್ಟವರು ನೀವೇ ಅಲ್ವಾಮ್ಮ? ನೀರಿನ ಸದ್ದಲ್ಲಿ ಫೋನ್ ಮಾಡಿದವರೂ ನೀವೇ."

ಆಕೆ ಕೋಣೆಯೊಳಗೆ ಹೋದಳು. ತನ್ನ ತಲೆದಿಂಬಿನ ಹೊಲಿಗೆ ಬಿಚ್ಚಿ, ಹತ್ತಿಯ ನಡುವಿನಿಂದ ನೀಲಿ ಚೀಲವನ್ನು ಎಳೆದು ತಂದು ಗಂಡನ ಕೈಗೆ ಕೊಟ್ಟಳು.

"ಹರೀಬೇಕು ಅಂದುಕೊಂಡೆ," ಎಂದಳು. "ಫೋಟೋ ಹರಿಯೋಕೆ ಆಗಲಿಲ್ಲ."

"ಯಾಕೆ?" ಎಂದ ಬೋಲ್ಟು. "ನಾನೇನು ಮಾಡಿದೆ? ಹೊಡೆದೆನಾ, ಬೈದೆನಾ?"

ಆಕೆ ಬಾಯಿ ತೆರೆದಳು. ಕ್ಲಾಸಿನಲ್ಲಿ ಕಲಿತ ಮಾತುಗಳಲ್ಲಿ ಯಾವುದೂ ಒದಗಲಿಲ್ಲ. ನನ್ನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಶುರು ಮಾಡಿದಳು. ಕಟ್ಟೆ ಒಡೆದಂತೆ ಬಂತು. ಆಕೆಗೆ ಇಷ್ಟು ಗಟ್ಟಿ ದನಿ ಇದೆ ಎಂದು ಆ ಮನೆಗೆ ಆಗಲೇ ಗೊತ್ತಾಗಿದ್ದು. ಅಕ್ಕ ತಲೆಯೆತ್ತಿ ನೋಡಿದಳು. ನಾನು ಹಿಂದೆಹಿಂದೆಯೇ ಹೇಳುತ್ತ ಹೋದೆ.

"ನಾವು ಸಿಕ್ಕಿದ್ದು ಇನ್ನೊಂದು ದೇಶದಲ್ಲಿ. ಒಂದೇ ಹೋಟೆಲಿನ ಬಟ್ಟೆ ಒಗೆಯೋ ಕೆಲಸ. ಅಲ್ಲಿ ಇಬ್ಬರೂ ಪರದೇಶಿಗಳು. ಅಲ್ಲಿನ ಮಾತು ಇಬ್ಬರಿಗೂ ಅರೆಬರೆ ಬರ್ತಿತ್ತು. ಆ ಅರೆಬರೆ ಮಾತಲ್ಲೇ ಎಷ್ಟು ನಗ್ತಿದ್ವಿ! ಇಲ್ಲಿಗೆ ಬಂದಮೇಲೆ ಅವರು ತಮ್ಮ ಮನೆಗೆ ಬಂದ ಹಾಗಾಯ್ತು. ನಾನೊಬ್ಬಳೇ ಪರದೇಶಿಯಾಗಿ ಉಳಿದೆ. ಊರಲ್ಲಿ ನನ್ನ ಮಾತಿಗೆ ಮನೆಯೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿತ್ತು. ಇಲ್ಲಿ ನನಗೆ ಬರೋದು ಅಕ್ಕಿ ಎಲ್ಲಿದೆ, ಬಾಗಿಲು ಹಾಕಿ, ಕ್ಷಮಿಸಿ. ಇಲ್ಲಿ ಇರೋ ಈ ಹೆಂಗಸು ಯಾರು ಅಂತ ನನಗೇ ಗೊತ್ತಿಲ್ಲ. ಅವಳು ನಾನಲ್ಲ. ಅದಕ್ಕೇ ಈ ಮದುವೆ ನಿಜ ಅಲ್ಲ ಅಂದೆ."

"ನನಗೆ ಹೇಳಬಹುದಿತ್ತಲ್ಲ," ಎಂದ ಬೋಲ್ಟು. ಅದನ್ನೂ ಅನುವಾದಿಸಿದೆ.

"ಯಾವ ಮಾತಲ್ಲಿ ಹೇಳಲಿ? ನನಗೋಸ್ಕರ ಅವರು ಎಷ್ಟು ಬಾಗಿಲು ತಟ್ಟಿದ್ರು. ರಜೆ ಹಾಕಿ ಬಿಸಿಲಲ್ಲಿ ಸಾಲು ನಿಂತ್ರು. ಅಂಥವರ ಮುಂದೆ, ನನಗೆ ಇದು ಬೇಡ, ಕಳಿಸಿಬಿಡಿ ಅಂತ ಹೇಗೆ ಹೇಳಲಿ? ಸರ್ಕಾರ ಕಳಿಸಿದ್ರೆ ಯಾರ ತಪ್ಪೂ ಅಲ್ಲ. ಅವರು ಸರ್ಕಾರವನ್ನ ಬೈಕೊಂಡು ನನ್ನನ್ನ ಪ್ರೀತಿ ಮಾಡ್ತಾನೇ ಇರಬಹುದಿತ್ತು."

ಕೊನೆಯ ವಾಕ್ಯ ಹೇಳುವಾಗ ನನ್ನ ದನಿ ಸರಿಯಾಗಿ ಬರಲಿಲ್ಲ. ನಮ್ಮ ಕೆಲಸದಲ್ಲಿ ಹಾಗಾಗಬಾರದು. ಯಾಕಪ್ಪನವರು ಕಿಟಕಿಯಾಚೆ ನೋಡುತ್ತಿದ್ದರು.

ಬೋಲ್ಟು ಚೀಲ ಹಿಡಿದುಕೊಂಡೇ ನೆಲದ ಮೇಲೆ ಕೂತ. ಆಮೇಲೆ ಒಂದೊಂದೇ ದಾರದ ಉಂಡೆಯನ್ನು ಹೆಕ್ಕಿ ಅಕ್ಕನ ಡ್ರಾಯರಿಗೆ ತುಂಬತೊಡಗಿದ. "ಅಕ್ಕ," ಎಂದ.

"ಬಿಡು," ಎಂದಳು ಅಕ್ಕ. ಬೋಲ್ಟುವಿನ ಹೆಂಡತಿಯ ಕಡೆ ನೋಡಿ, ನನ್ನನ್ನು ಕೇಳಿದಳು: "ಇವಳು ಅಷ್ಟೊಂದು ಮಾತಾಡ್ತಾಳಾ? ಇಷ್ಟು ದಿನ ಪಕ್ಕದ ಕೋಣೇಲಿ ಇದ್ದು ನನಗೆ ಗೊತ್ತೇ ಆಗಲಿಲ್ವಲ್ಲ."

*

ಮೆಟ್ಟಿಲಿಳಿಯುವಾಗ ಕೇಳಿದೆ, "ಸುಳ್ಳು ದೂರು ಕೊಟ್ಟರೆ ಶಿಕ್ಷೆ ಇದೆಯಲ್ಲ ಸಾರ್?"

"ಬೇರೆಯವರ ಮೇಲೆ ಕೊಟ್ಟರೆ ಇದೆ. ತನ್ನ ಮೇಲೆ ತಾನೇ ಕೊಟ್ಕೊಂಡ್ರೆ ಯಾವ ಕಲಮು ಹಾಕ್ತಾರೋ ನನಗೆ ಗೊತ್ತಿಲ್ಲ. ಹುಡುಕೋಕೂ ಹೋಗಲ್ಲ." ಕಚೇರಿಗೆ ಮರಳಿ, ದೂರಿನಲ್ಲಿ ಹುರುಳಿಲ್ಲ ಎಂದು ಬರೆದು ಮುಗಿಸಿದರು.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು, ನೀಲಿ ಚೀಲವೂ ಬಂತು. ಸಂದರ್ಶನ ಮಾತ್ರ ನಡೆಯಲಿಲ್ಲ. ಅರ್ಜಿಯನ್ನು ವಾಪಸ್ ಪಡೆದರು. ಕೌಂಟರಿನವನು ನಂಬಲಾರದೆ ಮತ್ತೆ ಮತ್ತೆ ಕೇಳಿದ. ಇಷ್ಟು ದೂರ ಬಂದು ಯಾರಾದರೂ ಹೀಗೆ ಮಾಡುತ್ತಾರೆಯೇ? ಬೋಲ್ಟು ಅವನಿಗೆ ವಿವರಿಸಲಿಲ್ಲ. "ಅವಳು ಮೊದಲು ಮನೆಗೆ ಹೋಗ್ಲಿ ಸಾರ್. ಆಮೇಲೆ ನಾನು ಹೋಗ್ತೀನಿ," ಎಂದಷ್ಟೇ ಹೇಳಿದ.

ಆಕೆ ಹೋದಳು. ವಿಮಾನ ನಿಲ್ದಾಣಕ್ಕೆ ಅಕ್ಕನೂ ಬಂದಿದ್ದಳಂತೆ. ತಾನೇ ಹೊಲಿದ ರವಿಕೆಯನ್ನು ಕೈಗಿಟ್ಟಳಂತೆ. ಅಳತೆ ಯಾವಾಗ ತಗೊಂಡೆ ಎಂದು ತಮ್ಮ ಕೇಳಿದ್ದಕ್ಕೆ, ಕಣ್ಣಿಲ್ಲವಾ ನನಗೆ ಎಂದಳಂತೆ.

ಅಂದಿನಿಂದ ಬೋಲ್ಟು ಡಿಪೋ ಮುಗಿಸಿ ನನ್ನ ಮನೆಗೆ ಹೆಂಡತಿಯ ಭಾಷೆಯ ಪಾಠಕ್ಕೆ ಬರತೊಡಗಿದ. ಅವನ ನಾಲಿಗೆ ದಪ್ಪ. ನಾನು ಮಗುವಾಗಿದ್ದಾಗ ಅಮ್ಮ ಹೇಳಿಕೊಟ್ಟ ಮಾತುಗಳನ್ನೇ ಅವನಿಗೆ ಹೇಳಿಕೊಟ್ಟೆ. ನೀರು, ಬಾ, ಕೂತ್ಕೋ, ಹಸಿವಾ? ಪಾಠ ಮುಗಿಸಿ ಅವನು ಹೋದಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತಿತ್ತು. ಆದರೂ ಅವನು ಬರುವ ಸಂಜೆಗಳಿಗೆ ಕಾಯುತ್ತಿದ್ದೆ.

ಅವಳ ದೇಶದ ರಾಯಭಾರ ಕಚೇರಿಯಲ್ಲಿ ಅವನ ಸಂದರ್ಶನಕ್ಕೆ ದಿನ ಗೊತ್ತಾಯಿತು. ಈಗ ಅವನೇ ಅರ್ಜಿದಾರ. ಜೊತೆಗೆ ಹೋದೆ. ದುಭಾಷಿ ಬೇಡವೆಂದು ಅವನೇ ಬರೆದುಕೊಟ್ಟಿದ್ದ, ಹಾಗಾಗಿ ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಆಚೆ ಅವನ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಒಂದು ಹಂತದಲ್ಲಿ ಅಧಿಕಾರಿ ಪಕ್ಕದವರ ಕಡೆ ತಿರುಗಿ ಏನೋ ಹೇಳಿದ. ಇಬ್ಬರೂ ನಕ್ಕರು. ಬೋಲ್ಟು ತಲೆ ತಗ್ಗಿಸಿದ.

ಹೊರಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಏನಾಯ್ತು?"

"ಏನೋ ತಪ್ಪು ಮಾತು ಆಡಿದೆ ಮೇಡಂ. ಏನು ಅಂತ ಗೊತ್ತಾಗಲಿಲ್ಲ. ಅವರು ನಕ್ಕರು. ಪರವಾನಗಿ ವಿಷಯ ಆಮೇಲೆ ತಿಳಿಸ್ತಾರಂತೆ."

"ಬೇಜಾರು ಮಾಡ್ಕೋಬೇಡಿ. ಹೊಸಬರಿಗೆಲ್ಲ ಹಾಗೇ ಆಗುತ್ತೆ."

ಅವನು ಗೋಡೆಯ ಬದಿಯ ಬೆಂಚಿನಲ್ಲಿ, ಯಾವ್ಯಾವುದೋ ಊರಿನವರ ನಡುವೆ ಇದ್ದ ಚೂರು ಜಾಗದಲ್ಲಿ ಕೂತು, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡ. ಆಮೇಲೆ ಹೇಳಿದ:

"ಮನೇಲಿ ಅವಳು ಏನಾದ್ರೂ ತಪ್ಪು ಹೇಳಿದಾಗ, ನಾನೂ ಹೀಗೇ ನಕ್ಕಿದ್ದೆ."